ಪಂಚಮಿಯ ಉಂಡಿ ಮತ್ತು ನನ್ನ ಹೊಟ್ಟೆನೋವು

ಆಗಬಹುದಾಗಿದ್ದ ಅನಾಹುತಗಳನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿ ಶಾಂತವ್ವ ಧಾರವಾಡದ ದವಾಖಾನೆಗೆ ನರ್ಸ್ ಕೆಲಸ ಕಲಿಯಲು ಹೋದ ದಿನವೇ ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಇವನ್ನೆಲ್ಲ ಒಂದು ಹಳೆಯ ಕಾಪಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ.

ರಕ್ತ ನೋಡಿ ಆಕೆಗೆ ಬವಳಿ ಬರಬಹುದು. ಬವಳಿ ಬಂದು ಬಿದ್ದಲ್ಲಿ ಕಲ್ಲಿರಬಹುದು. ಯಾರದೋ ಜ್ವರ ಆಕೆಗೆ ಹತ್ತಬಹುದು. ಆಕೆಯಿಂದ ನಮಗೆ, ನಮ್ಮಿಂದ ಓಣಿಗೆ, ಓಣಿಯಿಂದ ಊರಿಗೆ ಹಬ್ಬಿ, ಕಡೆಗೆ ಈ ರೋಗ ಶುರುವಾದದ್ದು ಹಳೇ ಹುಬ್ಬಳ್ಳಿಯ ಬಸಪ್ಪ ಮಾಸ್ತರನ ಮನೆಯಿಂದ ಎಂದು ಕಚೇರಿಯ ಕಾಗದದಲ್ಲಿ ದಾಖಲಾಗಬಹುದು. ಕೆಂಪು ಶೀಶೆಯ ಬದಲು ನೀಲಿ ಶೀಶೆಯ ಔಷಧ ಕುಡಿಸಿ ಯಾರಾದರೂ ಮಾಮಲೇದಾರರನ್ನು ಆಕೆ ಸ್ವರ್ಗಕ್ಕೆ ಕಳಿಸಬಹುದು. ಅಲ್ಲಿಯ ಊಟ ಹಿಡಿಸದೆ ಸೊರಗಬಹುದು. ಹಿಡಿಸಿದರೆ ನಮ್ಮ ಊಟ ಬೇಡವಾಗಬಹುದು. ಮಳೆಗೆ ವಸತಿಯ ಗೋಡೆ ಕುಸಿಯಬಹುದು. ಬಾವಿಗೆ ಕಟ್ಟೆ ಇಲ್ಲದಿರಬಹುದು. ಟಾಂಗಾದ ಕುದುರೆ ಬೆದರಬಹುದು. ನಾಲ್ಕು ಇಂಗ್ಲಿಷ್ ಮಾತು ಕಲಿತು ಅಣ್ಣನನ್ನು ಹೆಸರು ಹಿಡಿದು ಕರೆಯಬಹುದು!

ಒಟ್ಟು ನಲವತ್ಮೂರು. ನನ್ನ ಹೆಂಡತಿ ನೀಲವ್ವ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ನನ್ನನ್ನು ಓದುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

"ಇಷ್ಟಕ್ಕ ಯಾಕ ನಿಲ್ಲಿಸಿದ್ರಿ? ಹದ್ದು ಬಂದು ಎತಿಗೊಂಡು ಹೋಗೂದು ಬರದ್ರೋ ಇಲ್ಲೋ?"

ನಲವತ್ನಾಲ್ಕು ಎಂದು ಹಾಕಿ ಅದನ್ನೂ ಬರೆದುಕೊಂಡೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ.

ಶಾಂತವ್ವ ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಹದಿನೇಳಕ್ಕೆ ಮದುವೆ, ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡ. ಆರು ದಿವಸದ ಜ್ವರ, ಅಷ್ಟೇ. ಮನೆಗೆ ಬಂದ ಮೇಲೆ ಎರಡು ವರ್ಷ ಆಕೆ ಅಡಿಗೆಮನೆಯ ಹಿಂದಿನ ಬಾಗಿಲ ಹತ್ತಿರ ಕುಳಿತು ಅಕ್ಕಿ ಆರಿಸಿದಳು. ನಮ್ಮ ಮನೆಯಲ್ಲಿ ಅಷ್ಟು ಅಕ್ಕಿ ಎಂದೂ ಇರಲಿಲ್ಲ. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳೆಂದು ಕಾಣುತ್ತದೆ. ಒಂದು ದಿನ ನಾನು ಸಾಲೆಯಿಂದ ಬಂದು ಕೋಟು ಕಳಚುತ್ತಿರುವಾಗ ಎದುರಿಗೆ ನಿಂತು ಹೇಳಿದಳು:

"ಅಣ್ಣಾ, ಧಾರವಾಡದ ದವಾಖಾನ್ಯಾಗ ಹೆಣ್ಣುಮಕ್ಕಳಿಗೆ ನರ್ಸ್ ಕೆಲಸ ಕಲಸ್ತಾರಂತ. ನಾ ಹೋಗ್ತೀನಿ."

"ನಿನಗ್ಯಾಕವಾ ಆ ಉಸಾಬರಿ?"

"ಅವರ ಹಣಿ ಮ್ಯಾಲ ತಣ್ಣೀರ ಪಟ್ಟಿ ಹಾಕೂದೊಂದ ಗೊತ್ತಿತ್ತು ನನಗ. ಆರು ದಿನ ಅದನ್ನ ಮಾಡಿದೆ. ಇನ್ನೊಂದೇನರ ಗೊತ್ತಿದ್ರ, ಅದನ್ನೂ ಮಾಡತಿದ್ದೆ."

ಅರ್ಜಿ ಬರೆದುಕೊಟ್ಟೆ. ಆಕೆ ಸೇರಿದಳು. ಮೊದಲ ಮೂರು ತಿಂಗಳು ಪರೀಕ್ಷೆಯ ಕಾಲ. ದಾಟಿದರೆ ತಲೆಗೆ ಬಿಳಿ ಟೊಪ್ಪಿಗೆ ಇಟ್ಟು ಮೂರು ವರ್ಷ ಕಲಿಸುತ್ತಾರೆ. ದಾಟದಿದ್ದರೆ ಹಿಂದಿನ ಬಾಗಿಲು, ಅಕ್ಕಿ.

ಎರಡು ತಿಂಗಳು ಏನೂ ಆಗಲಿಲ್ಲ. ಚಿಂತೆ ಮಾಡುವವನಿಗೆ ಇದಕ್ಕಿಂತ ದೊಡ್ಡ ಚಿಂತೆಯಿಲ್ಲ. ಅಷ್ಟರಲ್ಲಿ ಶ್ರಾವಣ ಬಂತು, ಪಂಚಮಿ ಬಂತು.

ನಮ್ಮ ಕಡೆ ಪಂಚಮಿಯೆಂದರೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರುವ ಹಬ್ಬ. ಹೋಗದ ಅಣ್ಣನನ್ನು ಓಣಿಯ ಹೆಂಗಸರು ಮುಂದಿನ ಪಂಚಮಿಯವರೆಗೆ ನೆನೆಯುತ್ತಾರೆ. ಅವ್ವ ವಾರ ಮೊದಲೇ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಕಟ್ಟಿ ಹಿತ್ತಾಳೆ ಡಬ್ಬಿ ತುಂಬಿಸಿದಳು. ಶಾಂತವ್ವನ ಕಾಗದವೂ ಬಂತು: "ಅಣ್ಣಾ, ಪಂಚಮಿಗೆ ಕರೆಯಲು ಬರಬೇಡ. ಇಲ್ಲಿ ಮೊದಲ ಮೂರು ತಿಂಗಳು ರಜೆಯಿಲ್ಲ. ಮನೆಯವರು ಭೆಟ್ಟಿಗೆ ಬಂದರೆ ಹೆಸರು ತೆಗೆದು ಮನೆಗೆ ಕಳಿಸುತ್ತಾರೆ."

ಕಾಗದವನ್ನು ಗಟ್ಟಿಯಾಗಿ ಓದಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಳಕೋತ ಬರದಾಳೋ ಬಸು. ಹೋಗಿ ಕರಕೊಂಡು ಬಾ."

"ಬರಬ್ಯಾಡ ಅಂತ ಬರದಾಳಲ್ಲಬೇ?"

"ಬರಬ್ಯಾಡ ಅಂದ್ರ ಬಾ ಅಂತನ ಅರ್ಥ. ನಾ ಹೆಣ್ಣ ಅದೇನಿ, ನನಗ ಗೊತ್ತಿಲ್ಲೇನು?"

ನೀಲವ್ವನ ಕಡೆ ನೋಡಿದೆ. ಅವಳೂ ಹೆಣ್ಣೇ. "ಬರಬ್ಯಾಡ ಅಂದ್ರ ಬರಬ್ಯಾಡ ಅಂತರಿ" ಎಂದಳು. ಇಬ್ಬರಲ್ಲಿ ಯಾರ ಮಾತು ಕೇಳಬೇಕೆಂದು ಯೋಚಿಸಿ, ತಪ್ಪಾದವರ ಮಾತು ಕೇಳಿದೆ.

ನನ್ನ ಯೋಜನೆ ಅತ್ಯಂತ ಸರಳ. ಸಾಲೆಗೆ ರಜೆ ಹಾಕುವುದು. ಧಾರವಾಡದಲ್ಲಿ ಗೆಳೆಯನ ಮನೆಯಲ್ಲಿ ಎರಡು ದಿನ ನಿಲ್ಲುವುದಾಗಿ ಮನೆಯಲ್ಲಿ ಹೇಳುವುದು. ದವಾಖಾನೆಯ ಹಿರಿಯರನ್ನು ಕಂಡು, ಸೌಮ್ಯವಾದ ಭಾಷೆಯಲ್ಲಿ ನಮ್ಮ ಹಬ್ಬದ ಮಹತ್ವವನ್ನು ನಿವೇದಿಸುವುದು. ಅವರು ಮನಕರಗಿ ರಜೆ ಕೊಡುವುದು. ಹೊಸ ಟೊಪ್ಪಿಗೆ, ಕೋಟು, ಛತ್ರಿ, ಡಬ್ಬಿ ಸಮೇತ ಬೆಳಗಿನ ಗಾಡಿ ಹತ್ತಿದೆ.

ನಿವೇದನೆ ಬಾಗಿಲಿನಲ್ಲೇ ಮುಗಿಯಿತು. ಅಲ್ಲಿ ಇಮಾಮಸಾಬ ಎಂಬ ಪಟ್ಟೇವಾಲಾ ಸ್ಟೂಲಿನ ಮೇಲೆ ಕುಳಿತಿದ್ದ. ಬಿಳಿ ಗಡ್ಡ, ಹಸಿರು ಪಟ್ಟೆ, ಕೈಯಲ್ಲಿ ಬೆತ್ತ.

"ಕಲಿಯೋ ಹುಡುಗಿ ಅಣ್ಣಾರೇನ್ರಿ? ಹಂಗಾರ ಬಂದ ದಾರೀಲೆ ಹೋಗ್ರಿ."

"ಹಬ್ಬ ಅದರೀ ಸಾಬರ..."

"ಮೊದಲ ಹಿಂಗ ಬಿಡತಿದ್ರರಿ. ಅವ್ವ ಬಂದು ಅಳೂದು, ಮಗಳು ಅಳೂದು, ಇಬ್ಬರೂ ಕೂಡಿ ಪೆಟಗಿ ಕಟ್ಟೂದು. ಬಂದವರೊಳಗ ಅರ್ಧಾ ಮಂದಿ ಹಂಗ ಹೋದ್ರು. ಅದಕ್ಕ ಮೇಟ್ರನ್ ಬಾಯಾರು ಕಾಯದೆ ಮಾಡ್ಯಾರ. ಈ ಬಾಗಲದಾಗ ಹೋಗೂದು ಎರಡ ಥರದ ಮಂದಿ. ಒಂದು ಡಾಕ್ಟರು. ಇನ್ನೊಂದು ಬೀಮಾರ ಬಿದ್ದವರು."

ಅವನು ಹೇಳಿದ್ದು ಕಾಯದೆ. ನಾನು ಕೇಳಿಸಿಕೊಂಡದ್ದು ಉಪಾಯ!

ಹೊರಗೆ ಹುಣಸೆ ಮರದ ಕೆಳಗೆ ಅರ್ಧ ತಾಸು ನಿಂತೆ. ಟೊಪ್ಪಿಗೆಯನ್ನು ಕಿಸೆಗೆ ತುರುಕಿ, ಕೋಟನ್ನು ಕಳಚಿ ಹೆಗಲಿಗೆ ಹಾಕಿ, ಡಬ್ಬಿಯನ್ನು ಅದರಲ್ಲಿ ಮುಚ್ಚಿ, ಛತ್ರಿಯನ್ನು ಊರಿಕೊಂಡು, ನಡು ಬಗ್ಗಿಸಿ ನರಳುತ್ತ ಬಂದೆ. ಇಮಾಮಸಾಬ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಗುರುತು ಹಿಡಿಯದಿರಲು ಅವನೇನು ಕುರುಡನೇ?

"ಇಷ್ಟ ಲಗೂ ಬಂತೇನ್ರಿ ಬ್ಯಾನಿ?" ಎಂದ. ನಿಟ್ಟುಸಿರಿಟ್ಟು ಸರಿದು ದಾರಿ ಬಿಟ್ಟ.

ಒಳಗೆ ಒಬ್ಬ ತರುಣ ಡಾಕ್ಟರು ಹೆಸರು ಕೇಳಿದರು. ಚಿಂತೆಯುಳ್ಳವನು ಮುಂದಾಲೋಚನೆ ಮಾಡಿಯೇ ಇರುತ್ತಾನೆ. ನಿಜವಾದ ಹೆಸರು ಹೇಳಿದರೆ ಶಾಂತವ್ವನ ಅರ್ಜಿಯಲ್ಲಿರುವ ಅಣ್ಣನ ಹೆಸರಿಗೆ ತಾಳೆಯಾಗುತ್ತದೆ. ಆದ್ದರಿಂದ, "ಚನ್ನಪ್ಪ. ಅರಳೆ ವ್ಯಾಪಾರ" ಎಂದೆ.

ಡಾಕ್ಟರು ಮಲಗಿಸಿ ಹೊಟ್ಟೆ ಒತ್ತತೊಡಗಿದರು. ಇಲ್ಲಿ ನನ್ನ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಯಾರಾದರೂ "ಇಲ್ಲಿ ನೋವಿದೆಯೇ?" ಎಂದು ಕೇಳಿದರೆ ನನಗೆ ಅಲ್ಲಿ ನೋವು ಶುರುವಾಗುತ್ತದೆ. ಇದು ಸುಳ್ಳಲ್ಲ.

"ಇಲ್ಲಿ ನೋವದ?"

"ಅದರಿ."

"ಇಲ್ಲಿ?"

"ಅಲ್ಲಿ ಭಾಳ ಅದರಿ!"

"ಬಲಗಾಲು ಎತ್ತಿದ್ರ?"

ಎತ್ತಿದೆ. ಪ್ರಾಣವೇ ಹೋದಂತಾಯಿತು. "ವಾಂತಿ ಬಂದಂಗ ಆಗತದ ಏನು?" ಎಂದು ಅವರು ಕೇಳುವವರೆಗೆ ನನಗೆ ವಾಂತಿಯ ನೆನಪೇ ಇರಲಿಲ್ಲ. ಕೇಳಿದ ಮೇಲೆ ಎದ್ದು ಕುಳಿತು ಬಾಯಿಗೆ ಕೈ ಹಿಡಿದೆ. ಡಾಕ್ಟರ ಮುಖ ಗಂಭೀರವಾಯಿತು. ನೋವು ನಟಿಸಲು ಬಂದವನು ನಾನು. ನಟನೆಯ ಅಗತ್ಯವೇ ಬೀಳಲಿಲ್ಲ! ಕರುಳಿನ ಮೂಲೆಯಲ್ಲಿ ಬಾವು ಬಂದಿರಬಹುದು, ಒಳಗೆ ಮಲಗಿಸಿ ನೋಡಬೇಕು ಎಂದರು. ಗಂಜಿ ಬಿಟ್ಟು ಬೇರೇನೂ ಕೊಡಕೂಡದು ಎಂದು ಚೀಟಿಯಲ್ಲಿ ಬರೆದರು.

ಗಂಡಸರ ವಾರ್ಡಿನ ಏಳನೆಯ ಮಂಚ ನನ್ನದಾಯಿತು. ಉಂಡಿಯ ಡಬ್ಬಿಯನ್ನು ಹೇಗೋ ಕಂಬಳಿಯೊಳಗೆ ಸೇರಿಸಿದೆ. ಎಂಟನೆಯ ಮಂಚದಲ್ಲಿ ಫಕೀರಪ್ಪ ಕಾಕಾ ಎಂಬ ಹಳೆಯ ಪೈಲವಾನ ಕಾಲು ಮುರಿದುಕೊಂಡು ಮಲಗಿದ್ದ. ಕಾಲಿಗೆ ಕಟ್ಟು ಹಾಕಿದ್ದರೇ ಹೊರತು ಮೂಗಿಗೆ ಹಾಕಿರಲಿಲ್ಲ.

"ತಮ್ಮಾ, ಬೇಸನ್ ಉಂಡಿ ವಾಸನಿ ಬರಾಕತ್ತೇತಿ."

"ನನಗೇನೂ ಬರವಲ್ದರಿ ಕಾಕಾ."

"ನಿನ್ನ ಹಾಸಿಗ್ಯಾಗಿಂದ ಬರಾಕತ್ತೇತಿ. ಕೂಗಿ ಕರೀಲೋ, ಇಲ್ಲಾ ಒಂದು ಕೊಡ್ತೀಯೋ?"

ಕೊಟ್ಟೆ. ಅವನೊಬ್ಬನೇ ತಿನ್ನುವುದನ್ನು ನೋಡಲಾಗದೆ, ಗಂಜಿಯ ಮೇಲೆ ನಾನೂ ಒಂದು ತಿಂದೆ. ತಂಗಿಗೆ ತಂದ ಉಂಡಿ. ಬಾಯಲ್ಲಿ ಕರಗುವಷ್ಟು ಚೆನ್ನಾಗಿತ್ತು. ಅದೂ ಒಂದು ಸಂಕಟವೇ.

ಕಲಿಯುವ ಹುಡುಗಿಯರು ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಈ ವಾರ್ಡಿಗೆ ಬರುತ್ತಿದ್ದರು. ಆ ಸಂಜೆ ಐದಕ್ಕೆ ಬಂದರು. ಮುಂದೆ ಮೇಟ್ರನ್ ಬಾಯಿಯವರು. ಮಂಗಳೂರಿನ ಕಡೆಯವರು, ಎತ್ತರದ ಹೆಂಗಸು. ಅವರ ಕನ್ನಡ ಅಚ್ಚುಹಾಕಿಸಿದ ಪುಸ್ತಕದಂತೆ. ಹಿಂದೆ ನಾಲ್ವರು ಹುಡುಗಿಯರು. ಮೂರನೆಯವಳು ಶಾಂತವ್ವ.

ಆಕೆ ನನ್ನನ್ನು ನೋಡಿದಳು. ಕೈಯಲ್ಲಿದ್ದ ತಟ್ಟೆ ಅಲುಗಲಿಲ್ಲ. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ನಾನು ಮಾತ್ರ ಹಲ್ಲು ಕಿರಿದೆ.

"ಏಳನೆಯ ಮಂಚ ನಿನ್ನದು, ಶಾಂತಾ. ಜ್ವರ ನೋಡು, ನಾಡಿ ಎಣಿಸು" ಎಂದು ಮೇಟ್ರನ್ ಮುಂದಿನ ಮಂಚಕ್ಕೆ ಹೋದರು.

"ಹ್ಯಾಂಗದೀರಿ?" ಎಂದಳು ಶಾಂತವ್ವ, ಅಪರಿಚಿತರನ್ನು ಕೇಳುವ ದನಿಯಲ್ಲಿ.

"ಶಾಂತೂ, ಅವ್ವ..." ಎಂದು ಬಾಯಿ ತೆರೆದೆ. ಜ್ವರ ನೋಡುವ ಗಾಜಿನ ಕಡ್ಡಿ ನಾಲಿಗೆಯ ಕೆಳಗೆ ಬಂದು ಕುಳಿತಿತು. ಮಾತು ಅಲ್ಲಿಗೆ ನಿಂತಿತು. ಆಕೆ ನಾಡಿ ಹಿಡಿದು, ಗೋಡೆಯ ಗಡಿಯಾರ ನೋಡುತ್ತ, ತುಟಿ ಅಲುಗಿಸದೆ ಹೇಳಿದಳು:

"ಅಣ್ಣಾ, ನಿನಗ ತಲಿ ಗಿಲಿ ಕೆಟ್ಟದೇನು? ಮೇಟ್ರನ್ ಬಾಯಾರಿಗೆ ಗೊತ್ತಾದ್ರ ಇವತ್ತ ನನ್ನ ಪೆಟಗಿ ಹೊರಗ. ಇನ್ನು ಇಪ್ಪತ್ತ ದಿನ ಉಳದಾವ. ಇಪ್ಪತ್ತ! ನಾಳಿ ಮುಂಜಾನೆ ಆರಾಮ ಆಗೇದ ಅಂತ ಹೇಳಿ ಹೊಂಟ ಹೋಗು."

"ಊಂ ಊಂ" ಎಂದೆ.

"ಮಾತಾಡಬ್ಯಾಡ್ರಿ, ಕಡ್ಡಿ ಒಡೀತದ" ಎಂದಳು ಗಟ್ಟಿಯಾಗಿ.

ಮರುದಿನ ಬೆಳಿಗ್ಗೆ ಹೊರಡಲು ನಾನು ತಯಾರಿದ್ದೆ. ಆದರೆ ಡಾಕ್ಟರು ಬಾಗಿಲಲ್ಲಿ ನಿಂತು "ಚನ್ನಪ್ಪ!" ಎಂದು ಕರೆದರು. ಯಾರೂ ಓಗೊಡಲಿಲ್ಲ. "ಚನ್ನಪ್ಪ!" ಎಂದರು ಇನ್ನೂ ಗಟ್ಟಿಯಾಗಿ. ಪಾಪ, ಈ ಚನ್ನಪ್ಪ ಯಾರೋ, ಎಲ್ಲಿ ಹೋದನೋ ಎಂದು ನಾನೂ ಆಚೀಚೆ ನೋಡಿದೆ. ಮೂರನೆಯ ಸಲ ಅವರು ನನ್ನ ಮಂಚದ ಹತ್ತಿರವೇ ಬಂದು ಕೂಗಿದರು. ಹೆಸರು ನನ್ನದೆಂದು ನೆನಪಾಗುವಷ್ಟರಲ್ಲಿ ಚೀಟಿಯಲ್ಲಿ "ಕಿವಿ ಮಂದ" ಎಂದು ಬರೆದಾಗಿತ್ತು! ಬೆಳಗಿನ ಹೊತ್ತೆಲ್ಲ ಎರಡೂ ಕಿವಿಗೆ ಪಿಚಕಾರಿಯಿಂದ ಬಿಸಿನೀರು ಹೊಡೆದರು. ಹೊಟ್ಟೆನೋವಿಗೆ ಬಂದವನು ಒದ್ದೆ ಕಿವಿ ಹೊತ್ತು ಮಲಗಿದೆ. ಕಿವಿಯ ಗದ್ದಲದಲ್ಲಿ ಹೊಟ್ಟೆಯನ್ನು ಕೇಳುವವರಿರಲಿಲ್ಲ. ಕಾಕಾ ಇನ್ನೆರಡು ಉಂಡಿ ಕೇಳಿದ. ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅವನ ಜೊತೆಗೆ ನಾನೂ ಎರಡು ಎಳ್ಳುಂಡಿ ಮುಗಿಸಿದೆ.

ಆ ಸಂಜೆ ಮಲಗಿದಲ್ಲಿಂದಲೇ ಒಂದನ್ನು ಕಂಡೆ. ಮೂಲೆಯ ಮಂಚದಲ್ಲಿ ಒಬ್ಬ ಮುದುಕನಿದ್ದ. ಯಾರ ಕಡೆಯವನೋ ತಿಳಿಯದು, ರಸ್ತೆಯಿಂದ ಎತ್ತಿ ತಂದವನು. ಕಾಲಿನ ಹುಣ್ಣು ಕೊಳೆತಿತ್ತು. ನಾವೆಲ್ಲ ಆ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಶಾಂತವ್ವ ಕುಕ್ಕರಗಾಲಿನಲ್ಲಿ ಕುಳಿತು, ಆ ಕಾಲನ್ನು ತೊಡೆಯ ಮೇಲಿನ ತಟ್ಟೆಯಲ್ಲಿಟ್ಟುಕೊಂಡು ತೊಳೆಯುತ್ತಿದ್ದಳು.

"ಅಜ್ಜಾ, ಉರೀತದೇನು?"

"ಉರೀತದವಾ."

"ಉರದ್ರ ಚಲೋ. ನಿನ್ನೆ ಉರೀತಿರಲಿಲ್ಲ. ಕಾಲಾಗ ಜೀವ ಬರಾಕತ್ತೇತಿ ನೋಡು."

ಮುದುಕ ನಕ್ಕ. ಶಾಂತವ್ವನೂ ನಕ್ಕಳು. ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಆಕೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಹಿಂದಿನ ವರ್ಷದ ಪಂಚಮಿ ನೆನಪಿಗೆ ಬಂತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೆವು. ಓಣಿಯ ಹುಡುಗಿಯರು ಜೀಕುತ್ತಿದ್ದರು. ಶಾಂತವ್ವ ಹಗ್ಗಕ್ಕೆ ಕೈ ಹಾಕಿದ್ದಳು. "ಬ್ಯಾಡವಾ, ಮಂದಿ ಏನಂದಾರು" ಎಂದವನು ನಾನೇ. ಆಕೆ ಕೈ ತೆಗೆದು ಒಳಗೆ ಹೋದಳು. ಅಂಥ ಹಬ್ಬಕ್ಕೆ ಕರೆದೊಯ್ಯಲು ನಾನು ಇಲ್ಲಿ ಬಂದು ಸುಳ್ಳು ಹೊಟ್ಟೆ ಹೊತ್ತು ಮಲಗಿದ್ದೆ. ಕಾಪಿ ಪುಸ್ತಕದಲ್ಲಿ ನಲವತ್ನಾಲ್ಕು ಬರೆದಿದ್ದೆ. ಮನೆಯೊಳಗೇ ಆಗುತ್ತಿದ್ದುದರಲ್ಲಿ ಒಂದನ್ನೂ ಬರೆದಿರಲಿಲ್ಲ.

ನಾಡಿ ನೋಡಲು ಬಂದಾಗ ಆಕೆಗೆ ಇದನ್ನೆಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ.

ಗಾಜಿನ ಕಡ್ಡಿ!

ಮೂರನೆಯ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು. ಬೋಳು ತಲೆ, ಮೂಗಿನ ತುದಿಗೆ ಕನ್ನಡಕ, ಮಾತು ಕಡಿಮೆ. ಹಿಂದೆ ತರುಣ ಡಾಕ್ಟರು, ಮೇಟ್ರನ್, ನಾಲ್ವರು ಹುಡುಗಿಯರು. ಅವರು ಕೇಳುವ ಮುಂಚೆಯೇ ನಾನು ಎದ್ದು ಕುಳಿತು ಹೇಳಿದೆ:

"ಪೂರಾ ಆರಾಮ ಆಗೇದರಿ. ನೋವು ಒಮ್ಮಿಂದೊಮ್ಮೆ ಹೋಗಿಬಿಟ್ಟದ."

ದೊಡ್ಡ ಡಾಕ್ಟರು ಕನ್ನಡಕವನ್ನು ಮೇಲಕ್ಕೆ ಸರಿಸಿದರು.

"ಒಮ್ಮಿಂದೊಮ್ಮೆ ಹೋತು?"

"ಹೌದರಿ. ಹಾರಿ ಹೋದಂಗ!"

ಅವರು ತರುಣ ಡಾಕ್ಟರ ಕಡೆ ತಿರುಗಿದರು. ಇಂಥ ಬಾವಿನ ನೋವು ಒಮ್ಮೆಲೇ ನಿಂತರೆ ಅದು ಒಳಗೇ ಒಡೆದಿರಬಹುದು, ಎಲ್ಲಕ್ಕಿಂತ ಕೆಟ್ಟ ಲಕ್ಷಣ ಅದು ಎಂದು ವಿವರಿಸಿದರು. ಹುಡುಗಿಯರು ಬರೆದುಕೊಂಡರು. "ಹನ್ನೊಂದಕ್ಕ ಹೊಟ್ಟಿ ಕೊಯ್ಯೂಣು."

"ಇಲ್ಲರಿ! ನೋವು ಅದರಿ! ಭಾಳ ಅದರಿ!" ಎಂದು ಕೂಗಿದೆ.

"ತಿರುಗಿ ಬಂತೇನು? ಹಂಗಾರ ಹತ್ತಕ್ಕ ಮಾಡೂಣು."

ಕಣ್ಣು ಪಿಳುಕಿಸುವಷ್ಟರಲ್ಲಿ ಕ್ಷೌರದವನೊಬ್ಬ ಬಟ್ಟಲು ಕತ್ತಿ ಹಿಡಿದು ಬಂದು ನನ್ನ ಹೊಟ್ಟೆಗೆ ಸಾಬೂನು ಹಚ್ಚತೊಡಗಿದ. ಕಾಕಾ ಎಂಟನೆಯ ಮಂಚದಿಂದ ಸಮಾಧಾನ ಹೇಳಿದ: "ಅಂಜಬ್ಯಾಡೋ ತಮ್ಮಾ. ಡಬ್ಬಿ ಕಾಳಜಿ ನಾ ತಗೋತೀನಿ."

ನಿಜ ಹೇಳಿದರೆ ನಾನು ಉಳಿಯುತ್ತೇನೆ. ಶಾಂತವ್ವನ ಹೆಸರು ಹೋಗುತ್ತದೆ. ಹೇಳದಿದ್ದರೆ ನನ್ನ ಹೊಟ್ಟೆ ಹೋಗುತ್ತದೆ. ತಂಗಿಗಾಗಿ ಪ್ರಾಣ ಕೊಡುವ ಅಣ್ಣಂದಿರ ಕತೆಗಳನ್ನು ನಾನೇ ಸಾಲೆಯಲ್ಲಿ ಮಕ್ಕಳಿಗೆ ಕಣ್ಣೀರು ಬರುವಂತೆ ಹೇಳಿದ್ದೇನೆ. ಆ ಅಣ್ಣಂದಿರ ಹೊಟ್ಟೆಗೆ ಯಾರೂ ಸಾಬೂನು ಹಚ್ಚಿರಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ. ಎರಡು ಸಲ ಹಾಗೆ ಮಾಡಿದೆ. ಯಾವುದನ್ನು ಹೇಳಲು ತೆರೆದಿದ್ದೆ ಎಂದು ಇಂದಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ತಿಳಿಯದಿರುವುದೇ ಒಳ್ಳೆಯದು.

ಶಾಂತವ್ವ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಬಾಯಾರ, ಒಂದು ಮಾತರಿ."

ದೊಡ್ಡ ಡಾಕ್ಟರ ಮುಂದೆ ಕಲಿಯುವ ಹುಡುಗಿಯರು ಮಾತಾಡುವ ಪದ್ಧತಿಯಿರಲಿಲ್ಲ. ಮೇಟ್ರನ್ ಹುಬ್ಬು ಏರಿಸಿದರು. "ಹೇಳು."

"ಏಳನೇ ಮಂಚದ ರೋಗಿಗೆ ಎರಡ ದಿನದಿಂದ ಜ್ವರ ಇಲ್ಲರಿ. ನಾಡಿ ಎಪ್ಪತ್ತೆರಡು. ನಾಲಿಗಿ ಚೊಕ್ಕ ಅದ. ಹೊಟ್ಟಿ ಮುಟ್ಟೂಕಿಂತ ಮೊದಲ ನೋವು ಅಂತಾರ, ಬ್ಯಾರೆ ಏನರ ಮಾತಾಡಿಸಿಕೋತ ಮುಟ್ಟಿದ್ರ ಏನೂ ಅನ್ನಂಗಿಲ್ಲ. ಬರೇ ಗಂಜಿ ಅಂತ ಬರದದ, ಆದ್ರ ಮೀಸ್ಯಾಗ ಎಳ್ಳು ಅದರಿ." ಆಮೇಲೆ, ಅದೇ ದನಿಯಲ್ಲಿ: "ಮತ್ತ ಇವರು ನಮ್ಮ ಅಣ್ಣಾರರಿ."

ಎಲ್ಲರೂ ನನ್ನ ಮೀಸೆ ನೋಡಿದರು. ಮುಟ್ಟಿ ನೋಡಿಕೊಂಡೆ. ಇತ್ತು.

ದೊಡ್ಡ ಡಾಕ್ಟರು ಕ್ಷೌರದವನನ್ನು ಸರಿಸಿ ಮಂಚದ ಮೇಲೆ ಕುಳಿತರು. "ಏನ್ ಉದ್ಯೋಗ? ಅರಳೆ ವ್ಯಾಪಾರ ಬಿಡ್ರಿ, ಖರೇ ಹೇಳ್ರಿ."

"ಕನ್ನಡ ಸಾಲಿ ಮಾಸ್ತರರಿ."

"ಇಪ್ಪತ್ತೊಂಬತ್ತರ ಮಗ್ಗಿ ಹೇಳ್ರಿ."

ಮಾಸ್ತರನಿಗೆ ಮಗ್ಗಿ ಕೇಳಿದರೆ ಆತ ಸಾಯುತ್ತಿದ್ದರೂ ಹೇಳುತ್ತಾನೆ. "ಇಪ್ಪತ್ತೊಂಬತ್ತೊಂದ್ಲೆ ಇಪ್ಪತ್ತೊಂಬತ್ತು, ಎರಡ್ಲೆ ಐವತ್ತೆಂಟು, ಮೂರ್ಲೆ ಎಂಬತ್ತೇಳು..." ಸ್ವರ ಏರಿತು. ತಲೆ ತೂಗತೊಡಗಿತು. ನನ್ನ ಕಣ್ಣಮುಂದೆ ಸಾಲೆಯೇ ಬಂದು ಕುಳಿತಿತ್ತು. "ಏಳ್ಲೆ ಎರಡನೂರಾ ಮೂರು, ಎಂಟ್ಲೆ ಎರಡನೂರಾ ಮೂವತ್ತೆರಡು..." ಹತ್ತಕ್ಕೆ ಬಂದು ಮುಗಿಸಿ ನೋಡುತ್ತೇನೆ, ಡಾಕ್ಟರ ಐದು ಬೆರಳೂ ನನ್ನ ಬಲಹೊಟ್ಟೆಯಲ್ಲಿ ಮಣಿಕಟ್ಟಿನವರೆಗೆ ಇಳಿದಿದ್ದವು!

"ಮಗ್ಗಿ ಚಲೋ ಬರ್ತದ" ಎಂದರು. "ಹೊಟ್ಟೀನೂ ಚಲೋ ಅದ." ಎದ್ದು ಮುಂದಿನ ಮಂಚಕ್ಕೆ ಹೋದರು.

ಮೇಟ್ರನ್ ಮಾತ್ರ ಹೋಗಲಿಲ್ಲ. ಶಾಂತವ್ವನ ಮುಂದೆ ನಿಂತರು. ನನ್ನ ಎದೆ ಮಗ್ಗಿಯ ವೇಗದಲ್ಲಿ ಹೊಡೆದುಕೊಳ್ಳುತ್ತಿತ್ತು.

"ಇವರು ನಿನ್ನ ಅಣ್ಣನಾಗಿರದಿದ್ದರೆ ದೊಡ್ಡ ಡಾಕ್ಟರ ಎದುರು ಮಾತಾಡುತ್ತಿದ್ದೆಯಾ?"

"ಮಾತಾಡತಿದ್ದೆರಿ. ಅದಕ್ಕ ನಾಡಿ ಮೊದಲ ಹೇಳಿದೆ. ಅಣ್ಣ ಅನ್ನೂದು ಆಮ್ಯಾಲ ಹೇಳಿದೆ."

"ಅದನ್ನು ಹೇಳದೆಯೂ ಇರಬಹುದಿತ್ತು."

"ಹೌದರಿ. ಆದ್ರ ಚೀಟಿ ಮ್ಯಾಲ ಚನ್ನಪ್ಪ ಅಂತ ಅದ. ಸುಳ್ಳ ಚೀಟಿ ನನ್ನ ಕೈಯಾಗ ಹೆಂಗ ಇಟ್ಟಗೊಳ್ಳಿ?"

ಮೇಟ್ರನ್ ನನ್ನ ಕಂಬಳಿಯ ಅಂಚು ಎತ್ತಿ ಉಂಡಿಯ ಡಬ್ಬಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಾಸ್ತರರೇ, ನಮ್ಮ ನಿಯಮ ಏಕಿದೆ ಗೊತ್ತೇ? ಹುಡುಗಿಯರು ಗಟ್ಟಿಯಿಲ್ಲವೆಂದಲ್ಲ. ಮನೆಯವರು ಗಟ್ಟಿಯಿಲ್ಲವೆಂದು."

"ಹೌದರಿ" ಎಂದೆ. ಇಷ್ಟು ನಿಖರವಾದ ರೋಗನಿದಾನವನ್ನು ಆ ಮೂರು ದಿನದಲ್ಲಿ ಯಾರೂ ಮಾಡಿರಲಿಲ್ಲ.

"ಭೆಟ್ಟಿಗೆ ಬಂದವರಿಗೆ ನಿಯಮವಿದೆ. ರೋಗಿಯಾಗಿ ಬಂದವರಿಗೆ ಇಲ್ಲ. ಶಾಂತಾ ತನ್ನ ಕೆಲಸ ಮಾಡಿದ್ದಾಳೆ, ಅವಳ ಹೆಸರು ಇರುತ್ತದೆ. ನೀವು ರೋಗಿಯಾಗಿ ಬಂದಿರಿ, ಉಪಚಾರ ಪಡೆದೇ ಹೋಗಬೇಕು. ಬರೇ ಗಂಜಿಯ ಮೇಲೆ ಇಷ್ಟು ಉಂಡಿ ತಿಂದ ಹೊಟ್ಟೆಯನ್ನು ತೊಳೆಯಲು ಔಡಲೆಣ್ಣೆ. ಶಾಂತಾ, ದೊಡ್ಡ ಬಟ್ಟಲು."

ಶಾಂತವ್ವ ತಂದಳು. ಸ್ವಲ್ಪ ಕಡಿಮೆ ತಂದಿರಬಹುದೆಂದು ಆಸೆಯಿಂದ ಬಟ್ಟಲಿಗೆ ಇಣುಕಿದೆ. ಅಂಚಿನವರೆಗೆ ಇತ್ತು. ನನ್ನ ಮೂಗು ಹಿಡಿದು, ಒಂದು ಹನಿ ಚೆಲ್ಲದಂತೆ, ಕಡೆಯ ತೊಟ್ಟಿನವರೆಗೆ ಕುಡಿಸಿದಳು. ಎಂಥ ನಿಷ್ಠೆ!

ಆ ಇಪ್ಪತ್ತು ದಿನ ಮುಗಿದ ಮೇಲೆ ಆಕೆಗೆ ಟೊಪ್ಪಿಗೆ ಇಟ್ಟರು. ಈಗ ಮುಂಬಯಿಯ ಒಂದು ದವಾಖಾನೆಯಲ್ಲಿ ಇಡೀ ವಾರ್ಡು ಆಕೆಯ ಕೈಯಲ್ಲಿದೆ. ಹಡಗು ಹತ್ತಿ ದೂರದ ದೇಶದ ದವಾಖಾನೆಗೆ ಹೋಗುವ ಮಾತೂ ನಡೆದಿದೆ. ಆ ಬಗ್ಗೆ ನಾನು ಬೇರೆ ಕಾಪಿ ಪುಸ್ತಕ ಕೊಂಡಿದ್ದೇನೆ.

ದವಾಖಾನೆಯಿಂದ ಬಿಟ್ಟ ಆ ಸಂಜೆ ಹುಬ್ಬಳ್ಳಿಗೆ ಹೇಗೆ ಬಂದೆನೆಂದು ವಿವರಿಸುವುದು ಸಭ್ಯತೆಯಲ್ಲ. ಔಡಲೆಣ್ಣೆ ಕುಡಿದವನಿಗೆ ರೈಲು ನಿಲ್ದಾಣಗಳ ನಡುವಿನ ಅಂತರ ಬಹಳ ಹೆಚ್ಚು. ಮನೆ ಮುಟ್ಟಿದಾಗ ಅವ್ವ ಪಡಸಾಲೆಯಲ್ಲಿ ದಾರಿ ಕಾಯುತ್ತಿದ್ದಳು. ನೀಲವ್ವ ನನ್ನ ಮುಖ ನೋಡಿ ಏನೂ ಕೇಳದೆ ಬಿಸಿನೀರು ತಂದಳು. ನಾನು ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದೆ. ಹೊಟ್ಟೆ, ಕಿವಿ, ಕತ್ತಿ, ಮಗ್ಗಿ, ಎಣ್ಣೆ, ಒಂದನ್ನೂ ಬಿಡಲಿಲ್ಲ. ಪಂಚಮಿಗೆ ಕರೆಯಲು ಮತ್ತೆ ಹೋಗುವುದಿಲ್ಲ, ಆಕೆಗೆ ಹಬ್ಬ ಅಲ್ಲೇ ಇದೆ ಎಂದೆ. ಅವ್ವ ನಡುವೆ ಬಾಯಿ ಹಾಕದೆ ಕೇಳಿದಳು. ಎಲ್ಲ ಮುಗಿದ ಮೇಲೆ ಹತ್ತಿರ ಸರಿದು ಕುಳಿತಳು.

"ಅದೆಲ್ಲಾ ಇರ್ಲೋ ಬಸು. ಶಾಂತೂ ಹೆಂಗ ಅದಾಳಂತ?"

ಹೇಳಲು ಹೋದೆ. ಮೂರು ದಿನ, ಬೆಳಿಗ್ಗೆ ಸಂಜೆ, ಆಕೆ ನನ್ನ ಮಂಚದ ಹತ್ತಿರ ಬಂದಳು. ಬಂದಾಗಲೆಲ್ಲ "ಹ್ಯಾಂಗದೀರಿ?" ಎಂದಳು. ಹೊರಡುವಾಗ ಬಾಗಿಲವರೆಗೆ ಬಂದು ಇನ್ನೊಮ್ಮೆ ಕೇಳಿದಳು. ಬಾಯಲ್ಲಿ ಕಡ್ಡಿಯಿಲ್ಲದಾಗಲೆಲ್ಲ ನಾನು ನನ್ನದನ್ನೇ ಸವಿಸ್ತಾರವಾಗಿ ಹೇಳಿದೆ.

"ಕೇಳೂದು ಮರತೆನಬೇ" ಎಂದೆ.